ಕತ್ತರಿ ಕಾಣದ ಪರದೆ

ಅಡುಗೆಮನೆಗೆ ಕಾಲಿಟ್ಟ ಶಿವಕಾಂತಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟಳು. ಕಿಟಕಿಗೆ ಪರದೆಯಾಗಿ ತೂಗುತ್ತಿದ್ದದ್ದು, ತವರೂರು ಕಮಲಾಪುರದಲ್ಲಿ ಅವಳ ಅವ್ವ ತೀರಿಹೋಗುವ ಮುಂಚೆ ಕೊನೆಯ ಸಲ ಉಡಿ ತುಂಬಿ ಕೊಟ್ಟ ಹಸಿರು ಸೀರೆ!

"ಅಯ್ಯ ಸುನಂದಾ, ಕತ್ತರಿ ಹಾಕಿಬಿಟ್ಟೆಲ್ಲವಾ!"

"ಇಲ್ಲರೀ ಅತ್ತಿ," ಎಂದಳು ಸೊಸೆ. "ಟ್ರಂಕಿನಾಗಿನ ಹಸರ ಸೀರಿ ಹರಿದು ಪರದೆ ಮಾಡು ಅಂತ ನೀವೇ ಹೇಳಿದ್ರಿ. ಆದ್ರ ಸೆರಗಿನ್ಯಾಗ ಅರಿಶಿಣ ಕಂಡೆ. ಉಡಿ ತುಂಬಿದ ಸೀರಿ ಇರಬೇಕು ಅಂತ ಕತ್ತರಿ ಮುಟ್ಟಲಿಲ್ಲ, ಸೂಜಿನೂ ಚುಚ್ಚಲಿಲ್ಲ. ಬ್ಯಾಡಂದ್ರ ಈಗ್ಲೇ ಇಳಸ್ತೀನಿ."

ಶಿವಕಾಂತಮ್ಮ ಹೇಳಿದ್ದು ಇನ್ನೊಂದು ಹಳೆಯ ಸೀರೆಯನ್ನು; ಟ್ರಂಕಿನಲ್ಲಿ ಹಸಿರು ಸೀರೆ ಎರಡಿದ್ದವೆಂಬುದನ್ನು ಮುದುಕಿಯೇ ಮರೆತಿದ್ದಳು. ಹತ್ತಿರ ಹೋಗಿ ನೋಡಿದಳು. ಉಡುವಾಗ ಹಿಡಿಯುವಂತೆಯೇ ನಿರಿಗೆ ಹಿಡಿದು, ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಸರಳಿಗೆ ಸಿಕ್ಕಿಸಿದ್ದಳು ಹುಡುಗಿ. ಎಂಥ ಓರಣ! ತಮ್ಮ ಬಡಾವಣೆ ಖೂಬಾ ಪ್ಲಾಟಿನ ಯಾವ ದರ್ಜಿಗೂ ಈ ಕೈ ಬರಲಿಕ್ಕಿಲ್ಲ.

ಶಿವಕಾಂತಮ್ಮ ಒಂದೊಂದೇ ಕ್ಲಿಪ್ಪು ತೆಗೆದಳು. ಒಂದು ಎಳೆಯೂ ಮುಕ್ಕಾಗದ ಇಡೀ ಸೀರೆ ಅವಳ ತೋಳಿಗಿಳಿಯಿತು. ಪರದೆ ಅತ್ತೆಗೆ ಹಿಡಿಸಲಿಲ್ಲವೆಂದು ಸುನಂದಾ ತಲೆ ತಗ್ಗಿಸಿದಳು.

ಮುದುಕಿ ಸೀರೆಯನ್ನು ಮಡಚಿ, ಅದರ ಮೇಲೆ ಡಬ್ಬಿಯಿಂದ ಒಂದು ಹಿಡಿ ಅಕ್ಕಿ ಹಾಕಿಕೊಂಡು ಸೊಸೆಯ ಮುಂದೆ ನಿಂತಳು.

"ಸೆರಗ ಒಡ್ಡವಾ."