ದೊಡ್ಡಿಗೂ ಹುಣಸೆಗೂ ನಡುವಿನ ಗಾಳಿ

ಗಾಳಿ ಅಳೆಯುವ ಕಂಬದ ಬುಡದಲ್ಲಿ ಆ ಮುದುಕ ಮೂರನೆಯ ದಿನವೂ ಕುಳಿತಿದ್ದ. ಜಾಗದ ತಕರಾರಿಗೇ ಬಂದಿರಬೇಕು ಎಂದುಕೊಂಡಳು ಫರ್ಹಾನಾ. ಗುತ್ತಲದ ಆಚೆಯ ಈ ಗುಡ್ಡದಲ್ಲಿ ಗಾಳಿಯಂತ್ರ ಎಲ್ಲಿ ನಿಲ್ಲಿಸಬೇಕೆಂದು ಲೆಕ್ಕ ಹಾಕುವುದು ಅವಳ ಕೆಲಸ. ನಮ್ಮ ಹೊಲದಲ್ಲಿ ನಿಲ್ಲಿಸಿ ಎನ್ನುವವರೂ ನಿಲ್ಲಿಸಬೇಡಿ ಎನ್ನುವವರೂ ದಿನಾ ಬರುತ್ತಿದ್ದರು.

ಮುದುಕ ಕೇಳಿದ್ದು ಬೇರೆ.

"ಹೋದ ವರ್ಷ ಕಾರಹುಣ್ಣಿಮಿ ಮರುದಿನ, ಬುತ್ತಿ ಹೊತ್ತಿನಾಗ, ನನ್ನ ಕುರಿದೊಡ್ಡಿಗೂ ಆ ಹುಣಸಿಗಿಡಕ್ಕೂ ನಡುವ ಗಾಳಿ ಯಾ ಕಡೆ ಹೊಂಟಿತ್ತು? ನೋಡಿ ಹೇಳ್ತಿಯೇನವಾ?"

"ಅಲ್ಲೇ ಇದ್ದವರು ನೀವು. ನಿಮಗ ಗೊತ್ತಿರಬೇಕಲ್ರಿ ಅಜ್ಜಾ."

"ಗುಡ್ಡದ ಮ್ಯಾಗ ಗೊತ್ತಾಗತದ. ಕೆಳಗ ತಗ್ಗಿನಾಗ ಸುತ್ತಿ ಸುತ್ತಿ ಬಡೀತದ. ನನ್ನ ಧೋತ್ರ ಒಂದು ಕಡೆ ಹಾರಿದ್ರ, ಕುರಿ ಉಣ್ಣೆ ಮತ್ತೊಂದು ಕಡೆ."

ಅವಳು ನಕ್ಕಳು. "ಯಾ ಕಡೆ ಇತ್ತಂದ್ರ ನಿಮಗ ಛಲೋ?"

"ನಾ ಬೇಡೂದು ಬ್ಯಾರೆ, ಖರೇ ಇರೂದು ಬ್ಯಾರೆ. ಖರೇನ ಹೇಳು."

ಅವನು ಹೋದ ಮೇಲೆ ಕಂಬದ ಕಾವಲುಗಾರ ಇಸಾಕಸಾಬ ಚಹಾ ಸೋಸುತ್ತ ಹೇಳಿದ. "ಹೊಳಿಯಪ್ಪ ಅಂತ. ಅವನ ಹೆಂಡ್ತಿ ಗುತ್ತೆವ್ವ ಅವತ್ತ ಬುತ್ತಿ ತರುವಾಗ ಆ ಗಿಡದ ಬುಡಕ್ಕ ಎದಿ ಹಿಡಕೊಂಡು ಬಿದ್ಲು. ನಾನ ಮೊದಲ ನೋಡಿದ್ದು. ಮಾರಿ ಊರ ಕಡೆ, ಬುತ್ತಿಗಂಟು ಕಟ್ಟಿದ್ದು ಕಟ್ಟಿದಂಗ. ಎಷ್ಟ್ ಒದರಿದ್ಲೋ ಪಾಪ, ಇವಗ ಕೇಳಲಿಲ್ಲ. ಅದನ್ನ ನೆನಸಿ ನೆನಸಿ ಸೊರಗ್ಯಾನ. ಏನರ ಛಲೋದು ಹೇಳು ಬೇಟಾ."

ಫರ್ಹಾನಾ ಆ ಗುಡ್ಡವನ್ನು ಲ್ಯಾಪ್‌ಟಾಪಿನೊಳಗೆ ಲಕ್ಷಾಂತರ ಸಣ್ಣ ಚೌಕಗಳಾಗಿ ಹೆಚ್ಚಿಟ್ಟಿದ್ದಳು. ಕಂಬ ಬರೆದಿಟ್ಟಿದ್ದ ಆ ದಿನದ ಗಾಳಿಯನ್ನು ಅದರ ಮೇಲೆ ಹರಿಯಬಿಟ್ಟಳು. ರಾಣೆಬೆನ್ನೂರಿನ ಅವಳ ಮನೆಯಲ್ಲಿ ಯಂತ್ರ ಎರಡು ದಿನ ಬಿಸಿಯುಸಿರು ಬಿಡುತ್ತ ಲೆಕ್ಕ ಮಾಡಿತು.

ಗುಡ್ಡದ ತುದಿಯಲ್ಲಿ ಪಡುವಣದಿಂದ ಬೀಸಿದ ಗಾಳಿ ತಗ್ಗಿನಲ್ಲಿ ಹಿಂದಕ್ಕೆ ಹೊರಳಿತ್ತು. ಪರದೆಯ ಮೇಲಿನ ನೀಲಿ ಬಾಣಗಳೆಲ್ಲ ಹುಣಸೆಯಿಂದ ದೊಡ್ಡಿಯ ಕಡೆಗೆ ಮುಖ ಮಾಡಿದ್ದವು. ಹಾಗಾದರೆ ಗುತ್ತೆವ್ವನ ಕೂಗು ನೇರವಾಗಿ ಗಂಡನ ಕಿವಿಗೇ ಬಂದಿರಬೇಕು. ಇದನ್ನು ಆ ಮುದುಕನಿಗೆ ಹೇಗೆ ಹೇಳುವುದು? ಅವಳು ಆ ಹೊತ್ತು ಊಟ ಮಾಡಲಿಲ್ಲ.

ಮರುದಿನ ಹೊಳಿಯಪ್ಪ ಕಂಬದ ಹತ್ತಿರ ಬಂದಾಗ ಲ್ಯಾಪ್‌ಟಾಪು ಮುಚ್ಚಿತ್ತು. ಅವನು ಅದನ್ನೇ ನೋಡುತ್ತ ಕುಳಿತ.

"ಇದು ಯಾರ ಲೆಕ್ಕವಾ? ಗಾಳಿಪಂಖಾ ಕಂಪನೀದ?"

"ಇಲ್ರಿ. ಈ ಲೆಕ್ಕ ಮಾಡೂ ಸಾಫ್ಟ್‌ವೇರ್ ಯಾವ್ಯಾವ್ದೋ ದೇಶದ ಮಂದಿ ಕೂಡಿ ಬರದು ಎಲ್ಲಾರಿಗೂ ಪುಕ್ಕಟೆ ಬಿಟ್ಟಾರ. ಬೇಕಂದವರು ಬಿಚ್ಚಿ ನೋಡಬಹುದು."

"ಹಂಗಾರ ಸುಳ್ಳು ಹೇಳಾಕ ಅದಕ್ಕ ಕಾರಣಿಲ್ಲ."

"ಇಲ್ರಿ." ಅವಳು ಮುಚ್ಚಳದ ಮೇಲೆ ಕೈಯಿಟ್ಟಳು. "ಗಾಳಿ ನಿಮ್ಮ ದೊಡ್ಡಿಯಿಂದ ಹುಣಸಿ ಕಡೆ ಹೊಂಟಿತ್ತು. ಭಾಳ ಜೋರಿತ್ತು. ಅಜ್ಜಿ ಎಷ್ಟ್ ಒದರಿದ್ರೂ ನಿಮಗ ಕೇಳತಿರಲಿಲ್ಲ. ನಿಮ್ಮ ತಪ್ಪಿಲ್ರಿ."

ಮುದುಕ ಇಸಾಕಸಾಬ ಕೊಟ್ಟ ಚಹಾ ಕುಡಿಯದೆ ಅವಳ ಕಡೆ ತಿರುಗಿದ.

"ಅಂದ್ರ, ದೊಡ್ಡಿ ಕಡೆಯಿಂದ ಒದರಿದ್ದು ಅಕಿಗೆ ಮುಟ್ಟಿರತದ?"

ಹೇಳಿದ ಸುಳ್ಳು ಗಟ್ಟಿಯಾಗಲೆಂದು ಅವಳು ಜೋರಾಗಿ ತಲೆಯಾಡಿಸಿದಳು. "ಒಂದೊಂದು ಅಕ್ಷರ ಮುಟ್ಟಿರತದ ಅಜ್ಜಾ."

ಅವನು ತುಂಬಿದ ಕಪ್ಪನ್ನು ಹಾಗೆಯೇ ಕೆಳಗಿಟ್ಟ. "ಉಪಕಾರ ಆತವಾ" ಎಂದ. ಏಳಲು ಎರಡು ಸಲ ನೆಲಕ್ಕೆ ಕೈಯೂರಿದ. ಹುಣಸೆಯ ಮುಂದಿನ ಕಾಲುದಾರಿ ಬಿಟ್ಟು, ಗುಡ್ಡ ಸುತ್ತುಬಳಸಿ ಇಳಿದು ಹೋದ.

ಇಸಾಕಸಾಬ ಕಣ್ಣೊರೆಸಿಕೊಂಡ. "ದೊಡ್ಡ ಪುಣ್ಯ ಕಟ್ಟಿಕೊಂಡಿ ಬೇಟಾ. ಇನ್ನರ ನಿದ್ದಿ ಮಾಡ್ತಾನ."

ಹೋದ ವರ್ಷ ಆ ದಿನ ಗುತ್ತೆವ್ವ ಬಿದ್ದದ್ದು ಬುತ್ತಿ ತರುವಾಗ ಅಲ್ಲ; ತಡವಾಯಿತೆಂದು ಗಂಡ ಮುಟ್ಟದೆ ದೂಡಿದ ಬುತ್ತಿಯನ್ನು ಹೊತ್ತು ಮನೆಗೆ ಮರಳುತ್ತಿದ್ದಳು. ಅವಳು ಹುಣಸೆ ಸೇರುವ ಹೊತ್ತಿಗೆ ಹೊಳಿಯಪ್ಪ ದೊಡ್ಡಿಯ ಬಾಗಿಲಲ್ಲಿ ನಿಂತು, ಎರಡೂ ಕೈ ಬಾಯಿಗೆ ಹಿಡಿದು ಕೂಗಿದ್ದ: "ಹೋಗು, ಹೊಳ್ಳಿ ನನಗ ಮಾರಿ ತೋರಸಬ್ಯಾಡ!"