ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ

ಬೆಳಗ್ಗೆ ಬೆಳಗ್ಗೆಯೇ ಗುರುಪಾದಪ್ಪನವರು ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಕಂಬದ ಮರೆಯಲ್ಲಿ ಕಳ್ಳನ ಹಾಗೆ ನಿಂತಿದ್ದರು. ನಿಂತದ್ದು ಕಳ್ಳನನ್ನು ಹಿಡಿಯಲಿಕ್ಕೆ, ಅದು ಬೇರೆ ಮಾತು. ತಮ್ಮ ಬಿಳಿ ಕಾರಿನ ಬಾನೆಟ್ ಎತ್ತಿ ಗಾಳಿಯ ಪೈಪನ್ನು ಯಾರೋ ಸಡಿಲ ಮಾಡುತ್ತಿದ್ದಾರೆಂದು ಅವರ ಗುಮಾನಿ. ಯಾರೋ ಏನು, ಪಕ್ಕದ ಜಾಗದಲ್ಲಿ ಕೆಂಪು ಕಾರು ನಿಲ್ಲಿಸುವ ಸೊಣ್ಣಪ್ಪನೇ.

ಎರಡೂ ಕಾರು ಒಂದೇ ಮಾಡೆಲ್, ಒಂದೇ ವರ್ಷದವು. ದೀಪಾವಳಿ ಆಫರಿನಲ್ಲಿ ಇಬ್ಬರೂ ಒಟ್ಟಿಗೇ ಒಂದೊಂದು ಸ್ಕ್ಯಾನರ್ ತರಿಸಿದ್ದರು. ಬೆಂಕಿಪೊಟ್ಟಣದಷ್ಟು ಡಬ್ಬಿ. ಸ್ಟೇರಿಂಗಿನ ಕೆಳಗೆ ಸಿಕ್ಕಿಸಿದರೆ ಎಂಜಿನ್ನಿನ ಕಾಯಿಲೆಯನ್ನು ಬ್ಲೂಟೂತಿನಲ್ಲಿ ಫೋನಿಗೆ ಹೇಳುತ್ತದೆ. ಸೊಣ್ಣಪ್ಪನ ಫೋನಿನಲ್ಲಿ ಯಾವಾಗ ನೋಡಿದರೂ ‘ದೋಷ ಇಲ್ಲ’. ಗುರುಪಾದಪ್ಪನವರ ಫೋನಿನಲ್ಲಿ ಯಾವಾಗ ನೋಡಿದರೂ ‘ಪಿ ಸೊನ್ನೆ ಒಂದು ಏಳು ಒಂದು’. ಅಂದರೆ ಎಂಜಿನ್ನಿಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಡ್ಯಾಶ್‌ಬೋರ್ಡಿನ ಹಳದಿ ದೀಪವೇನೋ ಹೊತ್ತಿಕೊಂಡಿರಲಿಲ್ಲ. ಅದರ ಬಲ್ಬೇ ಸುಟ್ಟಿರಬೇಕೆಂದು ಅವರು ತೀರ್ಮಾನ ಮಾಡಿದ್ದರು.

“ಯುಗಾದಿಗೆ ಬಾಗಲಕೋಟಿಗೆ ನಿಮ್ಮ ಗಾಡ್ಯಾಗ ಹೋಗೂದಂದ್ರ ಮೊದ್ಲ ಅದನ್ನ ನೆಟ್ಟಗ ಮಾಡಸ್ರಿ. ಇಲ್ಲಂದ್ರ ವಿಶ್ವನಾಥನ ಗಾಡ್ಯಾಗ ಹೋಗೂಣು,” ಎಂದು ಹೆಂಡತಿ ದಾಕ್ಷಾಯಣಿ ಹೇಳಿಬಿಟ್ಟಿದ್ದಳು. ವಿಶ್ವನಾಥ ಆಕೆಯ ತಮ್ಮ. ಅವನ ಗಾಡಿಯಲ್ಲಿ ಮುಂದಿನ ಸೀಟು ಅಕ್ಕನಿಗೆ ಮೀಸಲು. ಗುರುಪಾದಪ್ಪನವರು ಹಿಂದೆ, ಬುತ್ತಿಗಂಟಿನ ಪಕ್ಕ ಕೂತು, ದಾರಿಯುದ್ದಕ್ಕೂ ಗಾಡಿ ಹೇಗೆ ಓಡಿಸಬೇಕೆಂಬ ಉಪದೇಶ ಕೇಳಬೇಕು. ಅದನ್ನು ನೆನೆದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ನಾಗಸಂದ್ರದ ಮೆಕ್ಯಾನಿಕ್ ಯಶವಂತ್ ಏರ್ ಫಿಲ್ಟರ್ ಬದಲಿಸಿದ. ಗಾಳಿ ಅಳೆಯುವ ಸೆನ್ಸರ್ ತೊಳೆದ. ಪೈಪುಗಳನ್ನೆಲ್ಲ ಬಿಗಿದ. ಅವನ ಗ್ಯಾರೇಜಿನಲ್ಲಿ ನೋಡಿದರೆ ಫೋನಿನಲ್ಲಿ ದೋಷ ಮಾಯ. ಶೆಟ್ಟಿಹಳ್ಳಿಯ ಅಪಾರ್ಟ್‌ಮೆಂಟಿಗೆ ತಂದು ನಿಲ್ಲಿಸಿ ನೋಡಿದರೆ ಮತ್ತೆ ಅದೇ ಏಳು ಒಂದು.

“ಸಾರ್, ಗಾಡಿ ಬೆಣ್ಣೆ ಇದ್ದಂಗಿದೆ. ಫೋನ್ ನೋಡೋದ್ ಬಿಟ್ಟು ಓಡಿಸ್ನೋಡಿ,” ಎಂದ ಯಶವಂತ್.

“ಓಡಸಾಕ ಯಾರರ ಓಡಸ್ತಾರೋ ತಮ್ಮಾ. ಒಳಗಿನ ಬ್ಯಾನಿ ಗೊತ್ತಾಗಬೇಕಲ್ಲ,” ಎಂದಿದ್ದರು ಗುರುಪಾದಪ್ಪ. ಗ್ಯಾರೇಜಿನಲ್ಲಿ ಇಲ್ಲದ ರೋಗ ಪಾರ್ಕಿಂಗಿನಲ್ಲಿ ಬರುತ್ತದೆಂದರೆ ಅದನ್ನು ಅಂಟಿಸುವವನೂ ಪಾರ್ಕಿಂಗಿನಲ್ಲೇ ಇರಬೇಕು. ಹಾಗಾಗಿಯೇ ಈ ಕಂಬದ ಮರೆ.

ಸೊಣ್ಣಪ್ಪ ಬಂದ. ಕೈಯಲ್ಲಿ ಸ್ಪ್ಯಾನರ್ ಇರಲಿಲ್ಲ, ಸೇವಂತಿಗೆ ಹಾರವಿತ್ತು. ತನ್ನ ಕೆಂಪು ಕಾರಿಗೆ ಹಾರ ಹಾಕಿ, ಊದುಬತ್ತಿ ಬೆಳಗಿ, ಕೈಮುಗಿದು ಸ್ಟಾರ್ಟ್ ಮಾಡಿದ. ಕಾರು ಕೆಮ್ಮಿತು, ಕುಲುಕಿತು, ನಿಂತೇಹೋಯಿತು. ಬಿಳಿ ಕಾರಿನ ಕಡೆ ಅವನು ತಿರುಗಿಯೂ ನೋಡಲಿಲ್ಲ. ಗುರುಪಾದಪ್ಪನವರಿಗೆ ನಾಚಿಕೆಯಾಯಿತು. ಈಗಷ್ಟೇ ಬಂದವರಂತೆ ಹೊರಗೆ ಬಂದರು.

“ಯಾಕ್ರೀ ಸೊಣ್ಣಪ್ನೋರ, ಗಾಡಿ ತ್ರಾಸ ಕೊಡಾಕತ್ತೇತೇನು?”

“ಗಾಡಿಗೇನೂ ಇಲ್ಲ ಕಣ್ರೀ. ಫೋನ್ ನೋಡಿ ಬೇಕಾದ್ರೆ, ದೋಷ ಇಲ್ಲ ಅಂತ ಐತೆ. ಕೆಂಪು ನಂಗೆ ಆಗ್ಬರಾಕಿಲ್ಲ ಅಂದ್ರು ಜೋಯಿಸ್ರು, ಅದ್ಕೇ ಇಂಗೆ ಸತಾಯಿಸ್ತೈತೆ. ಬಿಳೀ ಗಾಡಿ ಸಿಕ್ಕಿದ್ರೆ ಎಲ್ಲಾ ಸರಿ ಓಯ್ತದಂತೆ.”

ಗುರುಪಾದಪ್ಪನವರು ಒಳಗೆ ಇಣುಕಿದರು. ಸೊಣ್ಣಪ್ಪನ ಹೆಂಡತಿ ಗೋಪಾಲಮ್ಮ ಡ್ಯಾಶ್‌ಬೋರ್ಡಿನ ಒಂದು ದೀಪವೂ ಕಾಣದಂತೆ ದೇವರ ಸ್ಟಿಕ್ಕರುಗಳನ್ನು ಮೆತ್ತಿದ್ದಳು. ಭಕ್ತರ ಗಾಡಿ, ಎಂಜಿನ್ ಶುದ್ಧ, ತಪ್ಪೆಲ್ಲ ಬಣ್ಣದ್ದು. ಬಣ್ಣದ ದೋಷ ತಮ್ಮ ಜಾತಕಕ್ಕೇನೂ ತಟ್ಟುವುದಿಲ್ಲ. ಅವರ ತಲೆಯೊಳಗೆ ಒಂದು ಆಲೋಚನೆ ಹೊಕ್ಕಿತು. ಮನಸ್ಸು ಸ್ವಲ್ಪ ಚುಚ್ಚಿತು ಕೂಡ. ಆದರೆ ಬುತ್ತಿಗಂಟಿನ ನೆನಪು ಇನ್ನೂ ಜೋರಾಗಿ ಚುಚ್ಚಿತು.

“ಹಂಗಾದ್ರ ಬದ್ಲಿ ಮಾಡ್ಕೊಳ್ಳೂಣೇನು?”

ಸೊಣ್ಣಪ್ಪ ಕಣ್ಣರಳಿಸಿದ. “ನಿಮ್ ಗಾಡೀಲಿ ಏನೂ ತೊಂದ್ರೆ ಇಲ್ಲ ತಾನೇ?”

“ಯಶವಂತನ್ನ ಕೇಳ್ರಿ ಬೇಕಾದ್ರ. ಬೆಣ್ಣಿ ಇದ್ದಂಗೈತಿ ಅಂತಾನ,” ಎಂದರು ಗುರುಪಾದಪ್ಪ, ಮುಖ ಸಡಿಲ ಬಿಡದೆ. ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆನೆಂದು ಅವರಿಗೇ ಗೊತ್ತಿರಲಿಲ್ಲ.

ವಾರದೊಳಗೆ ಕಾಗದಪತ್ರ ಮುಗಿಯಿತು. ಸ್ಕ್ಯಾನರುಗಳು ಯಾವ ಗಾಡಿಯಲ್ಲಿದ್ದವೋ ಅಲ್ಲೇ ಇರಲಿ ಎಂದುಕೊಂಡರು. ಗುರುಪಾದಪ್ಪನವರು ಖುಷಿಗೆ ಇಡೀ ಅಪಾರ್ಟ್‌ಮೆಂಟಿಗೆ ಧಾರವಾಡ ಪೇಢೆ ಹಂಚಿದರು. ಪಾಪವೆನಿಸಿ ಸೊಣ್ಣಪ್ಪನಿಗೆ ಮಾತ್ರ ಎರಡು ಕೊಟ್ಟರು.

ಹಬ್ಬದ ಹಿಂದಿನ ದಿನ ಹೊರಟರು. ದಾಕ್ಷಾಯಣಿ ಪಕ್ಕದಲ್ಲಿ, ಬುತ್ತಿಗಂಟು ಹಿಂದೆ, ಸ್ಟೇರಿಂಗ್ ತಮ್ಮ ಕೈಯಲ್ಲಿ. ನೆಲಮಂಗಲ ದಾಟಿದ ಮೇಲೆ ಕೆಂಪು ಕಾರು ಕೆಮ್ಮಿತು, ಕುಲುಕಿತು, ಹೆದ್ದಾರಿಯ ಅಂಚಿಗೆ ಬಂದು ನಿಂತಿತು. ಗುರುಪಾದಪ್ಪ ಫೋನ್ ತೆಗೆದರು. ಪಿ ಸೊನ್ನೆ ಒಂದು ಏಳು ಒಂದು.

“ಇದು ಹಳೇ ಗಾಡೀದು. ಫೋನಿನ್ಯಾಗ ಉಳಕೊಂಡೇತಿ,” ಎಂದು ಅಳಿಸಿ, ಸ್ಟಾರ್ಟ್ ಮಾಡಿ, ಮತ್ತೆ ನೋಡಿದರು. ಕೆಮ್ಮು ಬಂತು, ಹಿಂದೆಯೇ ಏಳು ಒಂದು ಬಂತು. ಬ್ಲೂಟೂತ್ ತೆರೆದರು. ಹಿಂದೆ ಜೋಡಿಸಿಕೊಂಡವುಗಳ ಪಟ್ಟಿಯಲ್ಲಿ ಒಂದೇ ಹೆಸರಿನ ಎರಡು ಸ್ಕ್ಯಾನರುಗಳಿದ್ದವು. ಒಂದು ಈ ಗಾಡಿಯದು, ಫೋನಿಗೆ ಅಂಟಿಕೊಂಡಿತ್ತು. ಇನ್ನೊಂದು ಎಲ್ಲೋ ದೂರದಲ್ಲಿತ್ತು.

ಸೊಣ್ಣಪ್ಪನಿಗೆ ಫೋನ್ ಮಾಡಿದರು.

“ಬಿಳೀದು ಕೂಡ್ಬಂತು ಕಣ್ರೀ,” ಎಂದ ಅವನು. “ನೀರ್ ಕುಡ್ದಂಗೆ ಓಡ್ತೈತೆ. ಫೋನಲ್ಲೂ ಅವಾಗ ಎಂಗಿತ್ತೋ ಅಂಗೇ ಐತೆ, ದೋಷ ಇಲ್ಲ.”

ದಾಕ್ಷಾಯಣಿ ಆಗಲೇ ತಮ್ಮನಿಗೆ ದಾರಿ ಹೇಳುತ್ತಿದ್ದಳು.

ಗ್ಯಾರೇಜಿನಲ್ಲಿ ಬಿಟ್ಟರೆ ಇಷ್ಟು ದಿನವೂ ಗುರುಪಾದಪ್ಪನವರ ಫೋನು ಓದಿದ್ದು ಪಕ್ಕದಲ್ಲಿ ನಿಂತಿದ್ದ ಈ ಕೆಂಪು ಗಾಡಿಯ ರೋಗವನ್ನು. ಸೊಣ್ಣಪ್ಪನ ಫೋನು ಓದಿದ್ದು ಅವರ ಬಿಳಿ ಗಾಡಿಯ ಆರೋಗ್ಯವನ್ನು.