ಒಣ ಕಾಗದ

"ಪೈಪು ಒಡೆದವರೇ ರಿಪೇರಿ ಆದ್ಮೇಲೆ ನೀರು ಬಿಟ್ಟು ನೋಡಬೇಕು. ನಮ್ಮ ಕಸುಬಲ್ಲಿ ಅದೇ ಕಾನೂನು," ಎಂದ ಪ್ಲಂಬರ್, ಆಪರೇಷನ್ ಮೇಜಿನ ಮೇಲೆ ಅಂಗಾತ ಮಲಗಿಕೊಂಡೇ. "ನೀವು ದೊಡ್ಡ ಡಾಕ್ಟ್ರು, ಸರಿ. ಆದ್ರೆ ಪೈಪು ಒಡೆದಿದ್ದು ನೀವಲ್ಲವಲ್ಲ."

ಕೈಗವಸು ತೊಟ್ಟು ನಿಂತಿದ್ದ ದೊಡ್ಡ ಡಾಕ್ಟರು ಗಾಜಿನಾಚೆ ನೋಡಿದರು. ಒಡೆದವಳು, ಅವರ ಕೈಕೆಳಗಿನ ಯುವ ಡಾಕ್ಟರ್, ಅಲ್ಲಿ ಗೋಡೆಗೆ ಅಂಟಿಕೊಂಡು ನಿಂತಿದ್ದಳು.

ವರ್ಷದ ಹಿಂದೆ ಇದೇ ಮೇಜಿನ ಮೇಲೆ ಈತನ ಹೃದಯದ ರಕ್ತನಾಳ ಅಗಲಿಸಲು ಹೋಗಿ ಅವಳ ಬಲೂನು ಅದನ್ನು ಒಡೆದಿತ್ತು. ತೆಳು ಪೊರೆ ಹೊದಿಸಿದ ಸ್ಟೆಂಟೊಂದನ್ನು ಒಳಗೆ ಕಳಿಸಿ ತೂತು ಮುಚ್ಚಿದ್ದಳು. ಸಂಜೆ ತಾನೇ ಅವನ ಬಳಿ ಹೋಗಿ "ನನ್ನ ಕೈಯಲ್ಲಿ ಒಡೆಯಿತು" ಎಂದು ಹೇಳಿಯೂ ಇದ್ದಳು. ಅಂಥ ಸ್ಟೆಂಟು ಆ ಹೊತ್ತಿಗೆ ಜೀವ ಉಳಿಸುತ್ತದೆ, ಆಮೇಲೆ ಒಳಗೇ ರಕ್ತ ಹೆಪ್ಪುಗಟ್ಟುವ ಭಯ ಇದ್ದೇ ಇರುತ್ತದೆ. ಆ ಆಸ್ಪತ್ರೆಯಲ್ಲಿ ಅದನ್ನು ಹಾಕಿಸಿಕೊಂಡ ಐವರಲ್ಲಿ ಇಬ್ಬರದು ಕಟ್ಟಿಕೊಂಡಿತ್ತು, ಒಬ್ಬರು ಉಳಿದಿರಲಿಲ್ಲ. ಅಂದಿನಿಂದ ಅವಳು ರಕ್ತನಾಳಕ್ಕೆ ತೂರಿಸುವ ತಂತಿ ಮುಟ್ಟಿರಲಿಲ್ಲ. ಹೊರರೋಗಿಗಳ ಬಿ.ಪಿ. ನೋಡಿಕೊಂಡು ದಿನ ತಳ್ಳುತ್ತಿದ್ದಳು. ಇವತ್ತು ಆ ಸ್ಟೆಂಟು ತೆರೆದೇ ಇದೆಯೋ ಕಟ್ಟಿಕೊಂಡಿದೆಯೋ ಎಂದು ರಕ್ತನಾಳಕ್ಕೆ ಬಣ್ಣ ಬಿಟ್ಟು ನೋಡುವ ದಿನ.

"ಆಕೆ ಬರಲ್ಲ ಯಜಮಾನ್ರೇ," ಎಂದರು ದೊಡ್ಡ ಡಾಕ್ಟರು.

"ಹಾಗಾದ್ರೆ ನಾನು ಎದ್ದು ಹೊರಟೆ. ಬೆನ್ನಿಲ್ಲದ ಈ ಗೌನಲ್ಲೇ. ಬಸ್‌ಸ್ಟಾಪಲ್ಲಿ ಇರೋರ ಕರ್ಮ."

ನರ್ಸ್ ಮುಖ ತಿರುಗಿಸಿಕೊಂಡು ನಕ್ಕಳು. ಬಾಗಿಲು ತೆರೆದು ಯುವ ಡಾಕ್ಟರ್ ಒಳಗೆ ಬಂದಳು.

ಮಣಿಕಟ್ಟಿನಿಂದ ತಂತಿ ಒಳಹೊಕ್ಕಿತು. "ಈಗ ಮಾತಾಡಬೇಡಿ," ಎಂದಳು.

"ಯಾಕೆ, ಪ್ರೆಷರ್ ಏರುತ್ತಾ? ಏರಲಿ ಡಾಕ್ಟ್ರಮ್ಮ. ಪ್ರೆಷರ್ ಕೊಟ್ಟೇ ಟೆಸ್ಟ್ ಮಾಡಬೇಕು."

ಅವಳು ಬಣ್ಣ ಬಿಟ್ಟಳು. ಪರದೆಯ ಮೇಲೆ ಕಪ್ಪು ಗೆರೆಯೊಂದು ಹರಿದು ಬಂತು, ಸ್ಟೆಂಟಿನ ಬಾಯಿಗೆ ತಲುಪಿತು, ಒಳಗೆ ನುಗ್ಗಿತು, ಆಚೆ ಹೊರಬಿದ್ದು ಕೊನೆಯ ಕವಲಿನವರೆಗೂ ಓಡಿತು. ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ. ಅವಳ ಗಂಟಲಿನಿಂದ ಬಿಕ್ಕಳಿಕೆಯಂಥ ನಗುವೊಂದು ಹೊರಟಿತು. ದೊಡ್ಡ ಡಾಕ್ಟರು ಮಾಸ್ಕಿನೊಳಗೆ ಏನೋ ಗುನುಗತೊಡಗಿದರು.

ವಾರ್ಡಿನಲ್ಲಿ ಪ್ಲಂಬರನ ಹೆಂಡತಿ ಕಾದಿದ್ದಳು. ಸುದ್ದಿ ಕೇಳಿದ್ದೇ ತಡ, ಗಂಡನ ಮಾನ ತೆಗೆಯಲು ಕೂತಳು. "ಹೋದ ವರ್ಷ ಇಲ್ಲಿಂದ ಮನೆಗೆ ಬಂದ ದಿನದಿಂದ ಇವರದೊಂದೇ ಆಟ. ಎದೆ ಮೇಲೆ ಪೇಪರ್ ಚೂರು ಇಟ್ಕೊಂಡು ಬನಿಯನ್ ಹಾಕ್ಕೊಳ್ಳೋದು, ಗಂಟೆ ಬಿಟ್ಟು ತೆಗೆದು ಬೆಳಕಿಗೆ ಹಿಡಿಯೋದು."

"ಜಾಯಿಂಟ್ ಹಾಕಿದ ಮೇಲೆ ಒಣ ಕಾಗದ ಸುತ್ತಿ ನೋಡೋದು ನಮ್ಮ ಪದ್ಧತಿ," ಎಂದ ಪ್ಲಂಬರ್, ಗಂಭೀರವಾಗಿ. "ಸಣ್ಣ ಸೋರಿಕೆ ಇದ್ರೂ ಗೊತ್ತಾಗಿಬಿಡುತ್ತೆ."

"ಬೇಸಿಗೇಲಿ ಬೆವರಿಗೆ ಒದ್ದೆ ಆಯ್ತು ನೋಡಿ ಡಾಕ್ಟ್ರೇ, ಬೀದಿ ಜನಾನೆಲ್ಲ ಮನೇಲಿ ಸೇರಿಸಿಬಿಟ್ರು. ಇವತ್ತೂ ತಂದಿದಾರೆ, ದಿಂಬಿನ ಕೆಳಗಿದೆ."

ನಿಜವಾಗಿಯೂ ಇತ್ತು: ಅಂಗೈ ಅಗಲದ ಹಳೆ ಪೇಪರ್ ಚೂರು, ನೀಟಾಗಿ ಮಡಚಿದ್ದು. ಅದನ್ನು ಬಿಡಿಸಿ ಹಿಡಿದ ಯುವ ಡಾಕ್ಟರಿಗೆ ನಗು ಬಂತು. ಬಂದದ್ದು ನಿಲ್ಲಲಿಲ್ಲ. ಹೊಟ್ಟೆ ಹಿಡಿದುಕೊಂಡು, ಮಂಚದ ಕಂಬಿಗೆ ಒರಗಿ, ಕಾಗದದ ಮೇಲೆ ಬಾಗಿ, ವರ್ಷದಿಂದ ಬಾಕಿ ಇದ್ದದ್ದನ್ನೆಲ್ಲ ನಕ್ಕಳು.

ಪ್ಲಂಬರ್ ಅವಳ ಕೈಯಿಂದ ಕಾಗದ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ನಡುವೆ ಎರಡು ದುಂಡನೆಯ ಒದ್ದೆ ಕಲೆಗಳಿದ್ದವು.

"ನನ್ನದು ಗಟ್ಟಿಯಾಗಿದೆ ಡಾಕ್ಟ್ರಮ್ಮ," ಎಂದ. "ಸೋರ್ತಾ ಇರೋದು ನಿಮ್ಮ ಕಡೆ."